ರೆಟಿನಾ ಉಳಿದರೆ ನೋಟ ಉಳಿದಂತೆಯೇ?

ನಮ್ಮ ದೊಡ್ಡಮ್ಮನಿಗೆ 78 ವರ್ಷ. ಕಣ್ಣಾಸ್ಪತ್ರೆಯ ಗೋಡೆಗೆ ತೂಗುಹಾಕಿದ್ದ ಚಾರ್ಟಿನಲ್ಲಿ ಕೆಳಗಿನಿಂದ ಎರಡನೇ ಸಾಲಿನ ಪುಟಾಣಿ ಅಕ್ಷರಗಳನ್ನು ಬಲಗಣ್ಣಿನಲ್ಲಿ ಒಂದೂ ತಪ್ಪದೆ ಓದಿದರು. ಚೀಟಿಯಲ್ಲಿ 6/9 ಅಂತ ಬರೆದು, 'ನೋಟ ಚೆನ್ನಾಗಿದೆ, ಹೋಗಿ ಬನ್ನಿ' ಅಂದರು. ಮನೆಗೆ ಬಂದು ಪೇಪರ್ ಹಿಡಿದರೆ ತಲೆಬರಹವೇ ಓದಲು ಆಗುತ್ತಿಲ್ಲ. ಒಳಗಿನ ಸಣ್ಣಕ್ಷರ ಒಂದೊಂದಾಗಿ ಕಾಣುತ್ತೆ, ಮೇಲಿನ ದೊಡ್ಡಕ್ಷರ ಕಾಣಲ್ಲ! ಮನೆಯವರಿಗೆ ಇದು ನಾಟಕ ಅನ್ನಿಸಿತು. ಒಬ್ಬರು ಪಾಪ ಅಂತ ಭೂತಗನ್ನಡಿ ತಂದುಕೊಟ್ಟರು. ಅದರಲ್ಲಿ ನೋಡಿದರೆ ಇನ್ನೂ ಕೆಟ್ಟದಾಗಿ ಕಂಡಿತು.

ನಾಟಕ ಏನೂ ಇರಲಿಲ್ಲ. ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು. ಅವರ ಬಲಗಣ್ಣಿನ ರೆಟಿನಾದಲ್ಲಿ, ಅಂದರೆ ಕಣ್ಣಿನೊಳಗೆ ಬೆಳಕು ಹಿಡಿಯುವ ಪದರದಲ್ಲಿ, ನಟ್ಟನಡುವಿನ ಚೂರು ಜಾಗ ಗಟ್ಟಿಮುಟ್ಟಾಗಿತ್ತು. ಅದರ ಸುತ್ತ ಬಳೆಯ ಹಾಗೆ ಕೋಶಗಳು ಸತ್ತಿದ್ದವು. ಚಾರ್ಟಿನ ಪುಟ್ಟ ಅಕ್ಷರ ಆ ಚೂರು ಜಾಗದೊಳಗೆ ಹಿಡಿಸುತ್ತಿತ್ತು. ದೊಡ್ಡ ಅಕ್ಷರ ಹಿಡಿಸದೆ ಸತ್ತ ಜಾಗಕ್ಕೆ ಹರಡಿಕೊಳ್ಳುತ್ತಿತ್ತು.

ವಯಸ್ಸಾದವರ ಮ್ಯಾಕುಲಾ (ರೆಟಿನಾದ ನಡುಭಾಗ) ಸವೆತ, ಅಂದರೆ ಡಾಕ್ಟರು ಎಎಂಡಿ ಅನ್ನುವ ಕಾಯಿಲೆಯಲ್ಲಿ ಇಂಥ ತಾಳೆಯಾಗದ ಲೆಕ್ಕಗಳು ತುಂಬಾ ಇವೆ. ಸ್ಕ್ಯಾನಿನಲ್ಲಿ ರೆಟಿನಾ ಹಾಳಾದಂತೆ ಕಂಡರೂ ಓದುವವರಿದ್ದಾರೆ. ಹೆಚ್ಚೇನೂ ಆಗಿಲ್ಲ ಅನ್ನಿಸುವಂಥ ಕಣ್ಣಿನಲ್ಲಿ ಸಂಜೆಯಾದರೆ ತಡವರಿಸುವವರೂ ಇದ್ದಾರೆ. ಕಣ್ಣಿನ ರಚನೆ ಮತ್ತು ಕಣ್ಣಿನ ಕೆಲಸ, ಇವೆರಡರ ನಡುವಿನ ಸಂಬಂಧ ನಾವು ಅಂದುಕೊಂಡಷ್ಟು ನೇರ ಇಲ್ಲ. ಇದು ಬರೀ ಪ್ರಯೋಗಾಲಯದ ಚರ್ಚೆಯೂ ಅಲ್ಲ. ಇದೇ ಪ್ರಶ್ನೆಯ ಮೇಲೆ ಅಮೆರಿಕ ಮತ್ತು ಯುರೋಪ್ ಒಂದೇ ಔಷಧಿಯ ಬಗ್ಗೆ ಎರಡು ಬೇರೆ ತೀರ್ಪು ಕೊಟ್ಟಿವೆ.

ಆ ಔಷಧಿಯ ಹೆಸರು ಪೆಗ್ಸೆಟಕೋಪ್ಲಾನ್. ಎಎಂಡಿಯ ಒಣ ಬಗೆಯ ಕೊನೆಯ ಹಂತದಲ್ಲಿ ರೆಟಿನಾದ ಮೇಲೆ ಭೂಪಟದ ದೇಶಗಳಂತೆ ಸತ್ತ ಜಾಗಗಳು ಮೂಡುತ್ತವೆ. ಅದಕ್ಕೇ ಅದನ್ನು ಜಿಯೋಗ್ರಾಫಿಕ್ ಅಟ್ರೊಫಿ ಅಂತಾರೆ. ಅಲ್ಲಿಯವರೆಗೆ ಅದಕ್ಕೆ ಔಷಧಿಯೇ ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ಸಂಸ್ಥೆ ಎಫ್‌ಡಿಎ ಈ ಇಂಜೆಕ್ಷನ್ನಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಆಗಸ್ಟಿನಲ್ಲಿ ಅವಾಸಿನ್‌ಕ್ಯಾಪ್ಟಾಡ್ ಪೆಗೋಲ್ ಅನ್ನುವ ಇನ್ನೊಂದಕ್ಕೂ ಕೊಟ್ಟಿತು. ಯುರೋಪಿನ ಔಷಧ ಸಂಸ್ಥೆ 2024ರಲ್ಲಿ ಪೆಗ್ಸೆಟಕೋಪ್ಲಾನ್ ಬೇಡ ಅಂದಿತು. ಮರುಪರಿಶೀಲನೆ ಆದರೂ ನಿಲುವು ಬದಲಾಗಲಿಲ್ಲ. ಇಬ್ಬರ ಮುಂದೆಯೂ ಇದ್ದದ್ದು ಓಕ್ಸ್ ಮತ್ತು ಡರ್ಬಿ ಅನ್ನುವ ಅವೇ ಎರಡು ಪರೀಕ್ಷೆಗಳು, ಒಟ್ಟು 1,258 ರೋಗಿಗಳು. ಎರಡು ವರ್ಷದ ಕೊನೆಗೆ ಸತ್ತ ಜಾಗ ಹರಡುವ ವೇಗ ಶೇ 16ರಿಂದ 22ರಷ್ಟು ಕಡಿಮೆಯಾಗಿತ್ತು. ಆದರೆ ಓದುವ ವೇಗದಲ್ಲಾಗಲಿ, ಚಾರ್ಟಿನ ಅಕ್ಷರದಲ್ಲಾಗಲಿ, ಇಂಜೆಕ್ಷನ್ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ವ್ಯತ್ಯಾಸ ಕಾಣಲಿಲ್ಲ.

ರೆಟಿನಾ ಉಳಿಯಿತು. ನೋಟ ಉಳಿಯಿತಾ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಆ ಪದರದೊಳಗೆ ಇಳಿದು ನೋಡಬೇಕು.

ರಾಗಿ ಕಾಳಿನಷ್ಟು ಜಾಗ

ರೆಟಿನಾ ಅಂದರೆ ಕಣ್ಣಿನ ಒಳಗೋಡೆಗೆ ಅಂಟಿದ ತೆಳು ಪದರ. ಮಿಲಿಮೀಟರಿನ ಕಾಲು ಭಾಗದಷ್ಟು ದಪ್ಪ. ಅದರ ನಡುವೆ ಸುಮಾರು ಐದೂವರೆ ಮಿಲಿಮೀಟರ್ ಅಗಲದ ಜಾಗವೇ ಮ್ಯಾಕುಲಾ. ಮ್ಯಾಕುಲಾದ ನಡುವೆ ಫೋವಿಯಾ, ಹೆಚ್ಚು ಕಡಿಮೆ ಒಂದು ರಾಗಿ ಕಾಳಿನಷ್ಟು. ಅದರ ಒಳಗೂ ಒಂದು ಚುಕ್ಕೆ ಇದೆ, ಅಗಲ ಮಿಲಿಮೀಟರಿನ ಮೂರನೇ ಒಂದು ಭಾಗ. ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ದೂರದಿಂದ ಬರುವ ಬಸ್ಸಿನ ಬೋರ್ಡ್ ಓದುವುದು, ಎಲ್ಲ ನಡೆಯುವುದು ಇಷ್ಟೇ ಇಷ್ಟು ಜಾಗದ ಮೇಲೆ.

ಬೆಳಕು ಹಿಡಿಯುವ ಕೋಶಗಳಲ್ಲಿ ಎರಡು ಬಗೆ. ಹಗಲಿಗೆ, ಬಣ್ಣಕ್ಕೆ, ಸೂಕ್ಷ್ಮಕ್ಕೆ ಕೋನ್. ಮಬ್ಬು ಬೆಳಕಿಗೆ ರಾಡ್. ಅಮೆರಿಕದ ವಿಜ್ಞಾನಿ ಕ್ರಿಸ್ಟಿನ್ ಕರ್ಸಿಯೊ ಮತ್ತು ಅವರ ಜೊತೆಯವರು 1990ರಲ್ಲಿ ಮನುಷ್ಯರ ರೆಟಿನಾಗಳನ್ನು ಇಟ್ಟುಕೊಂಡು ಇವನ್ನು ಎಣಿಸಿದರು. ಒಂದು ಕಣ್ಣಿಗೆ ಸರಾಸರಿ 46 ಲಕ್ಷ ಕೋನ್, 9.2 ಕೋಟಿ ರಾಡ್. ಕೋನ್‌ಗಳು ಅತಿ ಹೆಚ್ಚು ಒತ್ತೊತ್ತಾಗಿರುವ ಆ ನಡುಚುಕ್ಕೆಯಲ್ಲಿ ರಾಡ್ ಒಂದೂ ಇಲ್ಲ. ಅಲ್ಲಿಂದ ಸ್ವಲ್ಪ ಆಚೆ ಸರಿದರೆ ರಾಡ್‌ಗಳ ಜಾತ್ರೆ.

ಈ ಕೋಶಗಳ ಹಿಂದೆ ಆರ್‌ಪಿಇ ಅನ್ನುವ ಒಂದೇ ಸಾಲಿನ ಕೋಶಗಳಿವೆ. ಇವು ಮನೆಗೆಲಸದವರು. ಬೆಳಕು ಹಿಡಿಯುವ ಕೋಶಗಳು ಪ್ರತಿದಿನ ತಮ್ಮ ತುದಿಯ ಸುಮಾರು ಹತ್ತನೇ ಒಂದು ಭಾಗ ಉದುರಿಸುತ್ತವೆ. ಅದನ್ನು ನುಂಗಿ ಅರಗಿಸುವುದು ಆರ್‌ಪಿಇ. ಬೆಳಕು ಹಿಡಿಯಲು ಬೇಕಾದ ವಿಟಮಿನ್ ಎ ಬಳಕೆಯಾದ ಮೇಲೆ ಅದನ್ನು ಮತ್ತೆ ಸಿದ್ಧಮಾಡಿ ವಾಪಸ್ ಕೊಡುವುದೂ ಅದೇ. ಅದರ ಹಿಂದೆ ಬ್ರೂಕ್ ಪದರ ಅನ್ನುವ ಜಾಲರಿ, ಅದರಾಚೆ ರಕ್ತನಾಳಗಳು. ವಯಸ್ಸಾದಂತೆ ಬ್ರೂಕ್ ಪದರಕ್ಕೆ ಜಿಡ್ಡು ಹಿಡಿಯುತ್ತೆ. ಒಲೆಯ ಮೇಲಿನ ಗೋಡೆಗೆ ವರ್ಷಗಟ್ಟಲೆ ಒಗ್ಗರಣೆ ಹೊಗೆ ತಾಗಿದ ಹಾಗೆ. ಪೌಷ್ಟಿಕಾಂಶ ಒಳಗೆ ಬರುವುದು ಕಷ್ಟ, ಕಸ ಹೊರಗೆ ಹೋಗುವುದೂ ಕಷ್ಟ. ಹೊರಹೋಗದ ಕಸ ಗುಪ್ಪೆ ಗುಪ್ಪೆಯಾಗಿ ಕೂತರೆ ಅದೇ ಡ್ರೂಸೆನ್. ಡಾಕ್ಟರು ಕಣ್ಣಿಗೆ ಡ್ರಾಪ್ಸ್ ಹಾಕಿ, ಪಾಪೆ ಅಗಲ ಮಾಡಿ ನೋಡುವಾಗ ಕಾಣುವ ಹಳದಿ ಚುಕ್ಕಿಗಳು ಇವೇ.

ಈಗ ವಿಚಿತ್ರ ನೋಡಿ. ಡ್ರೂಸೆನ್ ತುಂಬಾ ಇದ್ದರೂ ಚಾರ್ಟಿನಲ್ಲಿ 6/6 ಓದುವವರು ಎಷ್ಟೋ ಜನ. ಹಾಗಂತ ಕಣ್ಣು ಸರಿ ಇದೆ ಅಂತಲ್ಲ. ಅವರನ್ನು ಬಿಸಿಲಿನಿಂದ ನೇರ ದೇವಸ್ಥಾನದ ಗರ್ಭಗುಡಿಯ ಎದುರಿಗೆ ಕರೆದುಕೊಂಡು ಹೋಗಿ. ಜೊತೆಗಿದ್ದವರಿಗೆ ದೇವರ ಮುಖ ಕಾಣಿಸಿ, ಮಂಗಳಾರತಿ ಮುಗಿದು, ತೀರ್ಥ ಕೊಡುವ ಹೊತ್ತಾದರೂ ಇವರಿಗೆ ಇನ್ನೂ ಕತ್ತಲೆ. ಕಾಯಿಲೆ ಮೊದಲು ಕೈ ಇಡುವುದು ರಾಡ್‌ಗಳ ಮೇಲೆ. ರಾಡ್‌ಗಳಿಗೆ ವಿಟಮಿನ್ ಎ ಕೊಡುವುದು ಆರ್‌ಪಿಇ ಎಂಬ ಒಂದೇ ರೇಷನ್ ಅಂಗಡಿ. ಕೋನ್‌ಗಳಿಗೆ ಅದರ ಜೊತೆ ರೆಟಿನಾದೊಳಗೇ ಇನ್ನೊಂದು ಅಂಗಡಿ ಇದೆ. ಜಿಡ್ಡು ಕಟ್ಟಿ ಒಂದು ಅಂಗಡಿಗೆ ಮಾಲು ಬರುವುದು ತಡವಾದರೆ ಉಪವಾಸ ಬೀಳುವುದು ರಾಡ್. ಕತ್ತಲೆಗೆ ಹೊಂದಿಕೊಳ್ಳುವ ಸಮಯ ಅಳೆಯುವ ಪರೀಕ್ಷೆಯಲ್ಲಿ ಇದು ಬೇಗ ಸಿಕ್ಕಿಬೀಳುತ್ತೆ. ಅಮೆರಿಕದ ಅಲಬಾಮಾದ ಸಿಂಥಿಯಾ ಓಸ್ಲಿ ಅವರ ತಂಡ ಇನ್ನೂ ಮುಂದೆ ಹೋಗಿ, ರೆಟಿನಾ ನೋಡಲು ಸರಿಯಾಗಿಯೇ ಇದ್ದವರಲ್ಲೂ ಹೀಗೆ ತಡವಾಗುವವರಿಗೆ ಮೂರು ವರ್ಷದಲ್ಲಿ ಎಎಂಡಿ ಬರುವ ಸಾಧ್ಯತೆ ಜಾಸ್ತಿ ಅಂತ 2016ರಲ್ಲಿ ತೋರಿಸಿತು. ಇಲ್ಲಿ ರಚನೆಗಿಂತ ಮೊದಲು ಕೆಲಸವೇ ಚಾಡಿ ಹೇಳುತ್ತಿದೆ.

ನಾವು ಮಾಡುವ ತಪ್ಪು ಏನು ಅಂದರೆ, ನೋಟ ಅಂದರೆ ಚಾರ್ಟು ಅಂದುಕೊಂಡಿದ್ದೇವೆ. ಹರ್ಮನ್ ಸ್ನೆಲ್ಲನ್ 1862ರಲ್ಲಿ ಮಾಡಿದ ಚಾರ್ಟು ಅಳೆಯುವುದು ಬೆಳ್ಳಗಿನ ಹಿನ್ನೆಲೆಯಲ್ಲಿ, ಕಡುಗಪ್ಪು ಬಣ್ಣದಲ್ಲಿ, ಒಳ್ಳೆ ಬೆಳಕಿನಲ್ಲಿ, ಒಂಟಿ ಅಕ್ಷರ ಗುರುತಿಸುವ ಶಕ್ತಿಯನ್ನು. ಅದೂ ಫೋವಿಯಾದ ನಡುಚುಕ್ಕೆಯಿಂದ. ಕೈ ಉದ್ದಕ್ಕೆ ಚಾಚಿ ಹೆಬ್ಬೆರಳು ನೋಡಿದರೆ ಆ ಉಗುರು ಆ ಚುಕ್ಕೆಯ ಪಾಲಿಗೆ ಹೆಚ್ಚೇ ಆಯಿತು. ಮ್ಯಾಕುಲಾ ನೋಡುವ ಜಾಗದ ಅಗಲ ಅದರ ಹತ್ತಾರು ಪಟ್ಟು. ಉಳಿದ ಜಾಗದ ಸುದ್ದಿಯನ್ನು ಚಾರ್ಟು ಕೇಳುವುದೇ ಇಲ್ಲ.

ಸ್ಕ್ಯಾನಿನ ಬೆಳ್ಳಿ ಗೆರೆ

ಓಸಿಟಿ ಸ್ಕ್ಯಾನ್ ಬಂದ ಮೇಲೆ ರಚನೆಯ ಕಡೆ ನಮ್ಮ ಕಣ್ಣು ತೆರೆಯಿತು. ಅಮೆರಿಕದ ಎಂಐಟಿಯ ಸುತ್ತಮುತ್ತ ಕೆಲಸ ಮಾಡುತ್ತಿದ್ದ ಡೇವಿಡ್ ಹುವಾಂಗ್, ಜೇಮ್ಸ್ ಫ್ಯುಜಿಮೊಟೊ ಮತ್ತು ಸಂಗಡಿಗರು 1991ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಟ್ರಾಸೌಂಡಿನ ತತ್ವವೇ, ಸದ್ದಿನ ಬದಲು ಬೆಳಕು. ಈಗಿನ ಯಂತ್ರಗಳು ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದಷ್ಟು ಸಣ್ಣದನ್ನೂ ಬೇರೆ ಮಾಡಿ ತೋರಿಸುತ್ತವೆ. ಗಲ್ಲ ಆನಿಸಿ ಕೂತರೆ ಕೆಲವೇ ಸೆಕೆಂಡಿನಲ್ಲಿ ರೆಟಿನಾವನ್ನು ಮೈಸೂರು ಪಾಕ್ ಕತ್ತರಿಸಿಟ್ಟ ಹಾಗೆ ಪದರ ಪದರವಾಗಿ ನೋಡಬಹುದು.

ಮೊದಮೊದಲು ಎಲ್ಲರೂ ದಪ್ಪ ಅಳೆದರು. ಅಳೆಯುವುದು ಸುಲಭ, ಒಂದು ಸಂಖ್ಯೆ ಸಿಗುತ್ತೆ. ರೋಗಿಗಳೂ ರಿಪೋರ್ಟಿನಲ್ಲಿ ಅದನ್ನೇ ಹುಡುಕುತ್ತಾರೆ, 'ಹೋದ ಸಲ 410 ಇತ್ತು, ಈಗ 290' ಅಂತ. ಆದರೆ ದಪ್ಪಕ್ಕೂ ನೋಟಕ್ಕೂ ನಂಟು ತೆಳು. ಊದಿಕೊಂಡ ರೆಟಿನಾ ದಪ್ಪ, ಸತ್ತದ್ದು ತೆಳ್ಳಗೆ. ಊತ ಇಳಿದು ಸರಿಹೋದದ್ದೂ ಮಾಮೂಲಿ ದಪ್ಪ, ಊತ ಮತ್ತು ಸಾವು ಎರಡೂ ಸೇರಿದ್ದೂ ಒಮ್ಮೊಮ್ಮೆ ಅದೇ ದಪ್ಪ! ಊತ ತರುವ ನೀರು ಎಲ್ಲಿದೆ ಅನ್ನುವುದು ಎಷ್ಟಿದೆ ಅನ್ನುವುದಕ್ಕಿಂತ ಮುಖ್ಯ.

ಒದ್ದೆ ಬಗೆಯ ಎಎಂಡಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತೆ. ಅಲ್ಲಿ ಬ್ರೂಕ್ ಪದರ ಒಡೆದು ಹೊಸ, ಸೋರುವ ರಕ್ತನಾಳಗಳು ಒಳನುಗ್ಗುತ್ತವೆ. 2006ರಲ್ಲಿ ರಾನಿಬಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಬಂದ ಮೇಲೆ ಈ ಕಾಯಿಲೆಯ ಹಣೆಬರಹ ಬದಲಾಯಿತು. ಮರೀನಾ ಅನ್ನುವ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ಇಂಜೆಕ್ಷನ್ ತೆಗೆದುಕೊಂಡ ನೂರರಲ್ಲಿ ಸುಮಾರು 95 ಜನ ನೋಟ ಕಾಪಾಡಿಕೊಂಡರು, ತೆಗೆದುಕೊಳ್ಳದವರಲ್ಲಿ 62. ಕ್ಯಾನ್ಸರ್ ಔಷಧಿ ಬೆವಾಸಿಜುಮ್ಯಾಬ್ ಅನ್ನು ಪುಟ್ಟ ಪ್ರಮಾಣದಲ್ಲಿ ಕಣ್ಣಿಗೆ ಕೊಟ್ಟರೂ ನೋಟದ ಮಟ್ಟಿಗೆ ಹೆಚ್ಚು ಕಡಿಮೆ ಅದೇ ಫಲ ಅಂತ ಅಮೆರಿಕದ ಕ್ಯಾಟ್ ಅಧ್ಯಯನ 2011ರಲ್ಲಿ ಹೇಳಿತು. ಆ ಅಧ್ಯಯನದ ಸ್ಕ್ಯಾನ್‌ಗಳನ್ನು ಕೂತು ನೋಡಿದಾಗ ಇನ್ನೊಂದು ವಿಷಯ ಹೊರಬಿತ್ತು. ರೆಟಿನಾದ ಒಳಗೇ ನೀರು ನಿಂತವರ ನೋಟ ಕೆಟ್ಟದಾಗಿತ್ತು. ರೆಟಿನಾದ ಕೆಳಗೆ, ಅದಕ್ಕೂ ಆರ್‌ಪಿಇಗೂ ನಡುವೆ ನೀರು ನಿಂತವರು ಅಷ್ಟು ಕೆಟ್ಟಿರಲಿಲ್ಲ. ಒಳಗಿನ ನೀರು ಕೋಶದಿಂದ ಕೋಶಕ್ಕೆ ಹೋಗುವ ತಂತಿಗಳನ್ನೇ ಎಳೆದು ದೂರ ಮಾಡುತ್ತೆ. ಕೆಳಗಿನ ನೀರು ಹಾಸಿಗೆ ಎತ್ತುತ್ತೆ ಅಷ್ಟೆ.

ಇದರಿಂದ ಆದ ಪ್ರಯೋಜನ ದೊಡ್ಡದು. ಮೆಲ್ಬರ್ನಿನ ರಾಬಿನ್ ಗೈಮರ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಳಗಿನ ನೀರು ಸ್ವಲ್ಪ ಉಳಿದರೂ ಸಹಿಸಿಕೊಂಡು ಇಂಜೆಕ್ಷನ್ನಿನ ಅಂತರ ಹೆಚ್ಚಿಸಿದವರ ನೋಟ, ಒಂದು ಹನಿಯೂ ಬಿಡದೆ ಒಣಗಿಸಿದವರ ನೋಟಕ್ಕೆ ಎರಡು ವರ್ಷದ ನಂತರವೂ ಸಮನಾಗಿತ್ತು. ರಾಯಚೂರಿನ ಕಡೆಯ ಹಳ್ಳಿಯಿಂದ ಮಗನ ಒಂದು ದಿನದ ಕೂಲಿ ಬಿಡಿಸಿ, ಬಸ್ಸು ಹಿಡಿದು, ಪ್ರತಿ ತಿಂಗಳು ಕಣ್ಣಿಗೆ ಚುಚ್ಚಿಸಿಕೊಳ್ಳಲು ಊರೂರು ಅಲೆಯುವವರಿಗೆ ಎರಡು ವರ್ಷದಲ್ಲಿ ಒಂದು ಇಂಜೆಕ್ಷನ್ ಕಡಿಮೆಯಾದರೂ ಸಣ್ಣ ಮಾತಲ್ಲ. ಹಾಗಂತ ರೋಗಿ ತಾನೇ ತೀರ್ಮಾನಿಸಿ ಬಿಡುವ ವಿಷಯ ಇದಲ್ಲ. ಯಾವ ನೀರು ಅಂತ ಸ್ಕ್ಯಾನ್ ನೋಡಿದವರೇ ಹೇಳಬೇಕು.

ದಪ್ಪ ಬಿಟ್ಟು ಈಗ ಡಾಕ್ಟರು ಜಾಸ್ತಿ ನಂಬುವುದು ಒಂದು ಗೆರೆಯನ್ನು. ಓಸಿಟಿ ಚಿತ್ರದಲ್ಲಿ ಆರ್‌ಪಿಇ ಪಕ್ಕದಲ್ಲೇ ಬೆಳ್ಳಗೆ ಹೊಳೆಯುವ ಒಂದು ಎಳೆ ಕಾಣುತ್ತೆ. ಎಲಿಪ್ಸಾಯಿಡ್ ವಲಯ ಅಂತ ಅದರ ಹೆಸರು. ಬೆಳಕು ಹಿಡಿಯುವ ಕೋಶಗಳಲ್ಲಿ ಮೈಟೊಕಾಂಡ್ರಿಯಾ, ಅಂದರೆ ಶಕ್ತಿ ತಯಾರಿಸುವ ಭಾಗಗಳು, ಗಿಜಿಗುಡುವ ಜಾಗ ಅದು. ಗೆರೆ ಅಖಂಡವಾಗಿದ್ದರೆ ಆ ಜಾಗ ಸಾಮಾನ್ಯವಾಗಿ ಕೆಲಸ ಮಾಡುತ್ತೆ. ಮಸುಕಾದರೆ ಸೊರಗಿದೆ. ತುಂಡಾದರೆ ಅಲ್ಲಿ ಬೆಳಕು ಬಿದ್ದರೂ ಅರಿವು ಕಡಿಮೆ. ಈ ಗೆರೆಯನ್ನು ಮೈಕ್ರೊಪೆರಿಮೆಟ್ರಿ ಎಂಬ ಪರೀಕ್ಷೆಯ ಪಕ್ಕದಲ್ಲಿ ಇಟ್ಟು ನೋಡಿದಾಗ ರಚನೆ ಮತ್ತು ಕೆಲಸ ಕೊನೆಗೂ ಒಂದಿಷ್ಟು ತಾಳೆಯಾಗುತ್ತವೆ. ಆ ಪರೀಕ್ಷೆಯಲ್ಲಿ ಯಂತ್ರ ಕಣ್ಣಿನ ಅಲುಗಾಟವನ್ನು ಹಿಂಬಾಲಿಸುತ್ತಾ ರೆಟಿನಾದ ಗೊತ್ತಾದ ಚುಕ್ಕೆಗಳ ಮೇಲೆ ಬೆಳಕಿನ ಹನಿ ಹಾಕುತ್ತೆ. ಕಂಡರೆ ಗುಂಡಿ ಒತ್ತಬೇಕು. ಹೀಗೆ ಚುಕ್ಕೆಗೆ ಚುಕ್ಕೆ, ಎಲ್ಲಿ ಎಷ್ಟು ಕಾಣುತ್ತೆ ಅನ್ನುವ ನಕ್ಷೆ ಸಿಗುತ್ತೆ. ಆದರೆ ಇದಕ್ಕೆ ತಾಳ್ಮೆ ಬೇಕು. ಎಂಬತ್ತು ದಾಟಿದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಅಲ್ಲಾಡಬೇಡಿ, ಚುಕ್ಕೆ ಕಂಡ ತಕ್ಷಣ ಒತ್ತಿ ಅಂದರೆ ಅರ್ಧದಲ್ಲಿ ನಿದ್ದೆ ಬರುತ್ತೆ. ಇವತ್ತಿನ ಉತ್ತರಕ್ಕೂ ನಾಳಿನದಕ್ಕೂ ವ್ಯತ್ಯಾಸ ಬರುವುದು ಇದರ ದೊಡ್ಡ ಗೋಳು.

ಮತ್ತೆ ಆ ಔಷಧಿಗೆ

ಎಫ್‌ಡಿಎ ವಾದ ಸರಳ. ಆರ್‌ಪಿಇ ಮತ್ತು ಬೆಳಕಿನ ಕೋಶ ಸತ್ತ ಜಾಗದಲ್ಲಿ ನೋಟ ಇಲ್ಲ, ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಹಾಗಿದ್ದ ಮೇಲೆ ಸಾಯುವ ಜಾಗ ಕಡಿಮೆ ಮಾಡಿದರೆ ಅದೇ ಲಾಭ. ಯುರೋಪಿನ ವಾದವೂ ಸರಳ. ರೋಗಿಯ ದಿನನಿತ್ಯದ ಬದುಕಿಗೆ ಏನು ಸಿಕ್ಕಿತು ತೋರಿಸಿ.

ಲಾಭ ಯಾಕೆ ಕಾಣಲಿಲ್ಲ? ಈ ಸತ್ತ ಜಾಗ ಸಾಮಾನ್ಯವಾಗಿ ವರ್ಷಕ್ಕೆ ಒಂದೂವರೆ, ಎರಡು ಚದರ ಮಿಲಿಮೀಟರ್ ಹರಡುತ್ತೆ. ಅದರಲ್ಲಿ ಐದನೇ ಒಂದು ಭಾಗ ಉಳಿಸಿದರೆ ಸಿಗುವುದು ಅರ್ಧ ಚದರ ಮಿಲಿಮೀಟರಿಗಿಂತ ಕಡಿಮೆ. ಅದೂ ಒಂದೇ ಕಡೆ ಅಲ್ಲ, ಕೆರೆಯಂಚಿನ ಕೆಸರಿನ ಹಾಗೆ ಸುತ್ತ ಹರಡಿಕೊಂಡಿರುತ್ತೆ. ನಡುಚುಕ್ಕೆ ಮೊದಲೇ ಹೋದವರಿಗೆ ಅಂಚು ಉಳಿದರೂ ಚಾರ್ಟಿನಲ್ಲಿ ಒಂದಕ್ಷರ ಹೆಚ್ಚಾಗಲ್ಲ. ನಡುಚುಕ್ಕೆ ಇನ್ನೂ ಇರುವವರಿಗೆ ಅಂಚು ಹೋದರೂ ಒಂದಕ್ಷರ ಕಡಿಮೆಯಾಗಲ್ಲ. ಎರಡೂ ಕಡೆ ಚಾರ್ಟು ಕುರುಡು. ಜೊತೆಗೆ ಆ ಅಂಚಿನ ಕೋಶಗಳು ಬದುಕಿದ್ದರೂ ಸೊರಗಿದವು. ಸ್ಕ್ಯಾನಿನಲ್ಲಿ 'ಇದೆ' ಅನ್ನಿಸಿಕೊಂಡರೂ ಕೆಲಸಕ್ಕೆ ಹಾಜರಿಲ್ಲ.

ಹಾಗಾದರೆ ಅಳತೆಗೋಲಿನದ್ದೇ ತಪ್ಪು, ಔಷಧಿ ಸರಿ ಅಂತ ಬಿಡಬಹುದಾ? ನನಗೆ ಹಾಗನ್ನಿಸುವುದಿಲ್ಲ. ಓಕ್ಸ್ ಪರೀಕ್ಷೆಯಲ್ಲಿ ಮೈಕ್ರೊಪೆರಿಮೆಟ್ರಿಯನ್ನೂ ಮಾಡಿದ್ದರು, ಎರಡು ವರ್ಷಕ್ಕೆ ಅದರ ಸರಾಸರಿಯಲ್ಲೂ ವ್ಯತ್ಯಾಸ ಬರಲಿಲ್ಲ. ಆಮೇಲೆ ಸತ್ತ ಜಾಗದ ಅಂಚನ್ನು ಮಾತ್ರ ಬೇರೆ ಮಾಡಿ ನೋಡಿ ಲಾಭ ಇದೆ ಅಂದವರಿದ್ದಾರೆ. ಉತ್ತರ ಪತ್ರಿಕೆ ಕೈಗೆ ಬಂದ ಮೇಲೆ ಪ್ರಶ್ನೆ ಆರಿಸಿಕೊಂಡ ಹಾಗೆ ಇದು. ಇನ್ನೊಂದು ಕಡೆ ಬೆಲೆಯೂ ತೆರಬೇಕು. ಎರಡು ವರ್ಷದಲ್ಲಿ ಪ್ರತಿ ತಿಂಗಳು ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಶೇ 12ರಷ್ಟು ಜನರಿಗೆ ಒಣ ಕಾಯಿಲೆ ಒದ್ದೆಗೆ ತಿರುಗಿತು, ತೆಗೆದುಕೊಳ್ಳದವರಲ್ಲಿ ಶೇ 3. ಮಾರುಕಟ್ಟೆಗೆ ಬಂದ ಮೇಲೆ ಕೆಲವರ ರೆಟಿನಾದ ರಕ್ತನಾಳಗಳು ಉರಿಯೂತದಿಂದ ಕೆಟ್ಟ ವರದಿಗಳೂ ಬಂದವು. ಆದರೂ ನಡುಚುಕ್ಕೆ ಇನ್ನೂ ಉಳಿದಿರುವ, ಇನ್ನೊಂದು ಕಣ್ಣು ಹೋಗಿರುವ ಒಬ್ಬರು 'ನನಗೆ ಆರು ತಿಂಗಳು ಸಿಕ್ಕರೂ ಸಾಕು' ಅಂದರೆ ಅವರಿಗೆ ಬೇಡ ಅನ್ನಲು ನನಗೆ ಬಾಯಿ ಬರಲ್ಲ. ಸರಾಸರಿ ಲೆಕ್ಕ ಇಂಥವರನ್ನು ಉಳಿದವರ ಜೊತೆ ಸೇರಿಸಿ ಕಲಸಿಬಿಡುತ್ತೆ.

ರಚನೆ ಹೋದ ಮೇಲೂ ಕೆಲಸ ವಾಪಸ್ ತರಬಹುದಾ ಅಂತ ಕೇಳಿದವರೂ ಇದ್ದಾರೆ. ಜಿಯೋಗ್ರಾಫಿಕ್ ಅಟ್ರೊಫಿಯಲ್ಲಿ ಸಾಯುವುದು ಹೊರಗಿನ ಪದರ. ಒಳಗಿನ ನರಕೋಶಗಳು, ಅಂದರೆ ಸುದ್ದಿಯನ್ನು ಮಿದುಳಿಗೆ ಒಯ್ಯುವವು, ಬಹಳ ಮಟ್ಟಿಗೆ ಉಳಿದಿರುತ್ತವೆ. ಫ್ಯೂಸ್ ಹೋಗಿದೆ, ವೈರಿಂಗ್ ಇದೆ. ಸ್ಟ್ಯಾನ್‌ಫರ್ಡಿನ ಡೇನಿಯಲ್ ಪಲಂಕರ್ ಇದನ್ನೇ ನಂಬಿ ಪ್ರೀಮಾ ಅನ್ನುವ ಚಿಪ್ ವಿನ್ಯಾಸ ಮಾಡಿದರು. ಎರಡು ಮಿಲಿಮೀಟರ್ ಚೌಕ, 378 ಬಿಂದುಗಳು. ಕನ್ನಡಕದ ಕ್ಯಾಮೆರಾ ಕಂಡದ್ದನ್ನು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಚಿಪ್ಪಿನ ಮೇಲೆ ಹಾಕುತ್ತೆ, ಚಿಪ್ಪು ಒಳಗಿನ ಕೋಶಗಳಿಗೆ ವಿದ್ಯುತ್ ತಟ್ಟುತ್ತೆ. ಯುರೋಪಿನ ಐದು ದೇಶಗಳಲ್ಲಿ 38 ಜನರಿಗೆ ಇದನ್ನು ಹಾಕಿದರು. 2025ರ ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ವರ್ಷ ಪೂರೈಸಿದ 32 ಜನರಲ್ಲಿ 26 ಮಂದಿಯ ನೋಟ ಅರ್ಥಪೂರ್ಣವಾಗಿ ಸುಧಾರಿಸಿತ್ತು. ಕಪ್ಪು ಬಿಳುಪು, ನಿಧಾನ, ಕ್ಯಾಮೆರಾದ ಜೂಮ್ ಬೇಕೇ ಬೇಕು. ಬಿಂದುವಿನ ಅಗಲ ಎಷ್ಟೋ ಅಷ್ಟಕ್ಕೇ ನೋಟದ ಮಿತಿ. ಆದರೂ ಅಕ್ಷರ ಕಂಡಿತು.

ಮಿದುಳಿನ ಪಾಲನ್ನೂ ಮರೆಯಬಾರದು. ಜಾಹೀರಾತಿನಲ್ಲಿ ಎಎಂಡಿ ಅಂದರೆ ನಡುವೆ ಕಪ್ಪು ಚುಕ್ಕೆ ತೋರಿಸುತ್ತಾರಲ್ಲ, ಹೆಚ್ಚಿನವರಿಗೆ ಹಾಗೆ ಕಾಣುವುದೇ ಇಲ್ಲ. ತೂತಿಗೆ ಮಿದುಳು ತೇಪೆ ಹಾಕುತ್ತೆ. ಗೋಡೆ ನೋಡಿದರೆ ಗೋಡೆಯ ಬಣ್ಣವನ್ನೇ ತುಂಬುತ್ತೆ. ಅದಕ್ಕೇ ಬಹಳ ಜನ ತಡವಾಗಿ ಬರುತ್ತಾರೆ, ಅದೂ ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿದರೆ ಸರಿಹೋಗುತ್ತೆ ಅಂದುಕೊಂಡು. ಕೆಲವರಿಗೆ ತೇಪೆ ಅತಿಯಾಗಿ, ಇಲ್ಲದ ಮಕ್ಕಳು ಓಡಾಡಿದಂತೆ, ಗೋಡೆ ಮೇಲೆ ರಂಗೋಲಿ ಬಿಟ್ಟಂತೆ ಕಾಣುತ್ತೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ 1760ರಲ್ಲೇ ತನ್ನ ಅಜ್ಜನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟ. ನಮ್ಮಲ್ಲಿ ಗಾಳಿ ಮೆಟ್ಟಿಕೊಂಡಿದೆ, ಅರಳುಮರಳು ಅಂತಾರೆ ಅನ್ನುವ ಭಯಕ್ಕೆ ಹಿರಿಯರು ಬಾಯಿಬಿಡುವುದಿಲ್ಲ.

ದೊಡ್ಡಮ್ಮನ ವಿಷಯದಲ್ಲಿ ಸೊಗಸು ಏನಂದರೆ, ತೂತು ಕನ್ನಡದ ಜೊತೆ ಆಟ ಆಡುತ್ತಿತ್ತು. ನಾವು ಎಡದಿಂದ ಬಲಕ್ಕೆ ಓದುತ್ತೇವೆ. ನೋಡುತ್ತಿರುವ ಜಾಗದ ಬಲಕ್ಕೆ ತೂತಿದ್ದರೆ ಪದದ ಬಾಲ ಹೋಗುತ್ತೆ. ಇಂಗ್ಲಿಷಿನಲ್ಲಿ 'ಇಲ್ಲ' ಅನ್ನುವುದು ಬೇರೆ ಪದ. ನಮ್ಮಲ್ಲಿ ಅದು ಬಾಲದಲ್ಲೇ ಇರುತ್ತೆ. 'ಹೋಗಲಿಲ್ಲ' ಅಂತ ಬರೆದದ್ದನ್ನು ಅವರು 'ಹೋಗಲಿ' ಅಂತ ಓದುತ್ತಿದ್ದರು. ಒತ್ತಕ್ಷರ ಬೇರೆ ಕೆಳಗೆ ಇಳಿದು ತೂತಿಗೆ ಬೀಳುತ್ತಿತ್ತು. ಅರ್ಧ ಸುದ್ದಿ ಉಲ್ಟಾ ತಿಳಿದು ಮನೆಯಲ್ಲಿ ಜಗಳವಾಡಿದ್ದೂ ಇದೆ. ಯಾವ ಚಾರ್ಟೂ ಇದನ್ನು ಅಳೆಯಲ್ಲ.

ಎರಡನೇ ಡಾಕ್ಟರು ಭೂತಗನ್ನಡಿ ಬದಿಗಿಡಿ ಅಂದರು. ಅಕ್ಷರ ದೊಡ್ಡದಾದಷ್ಟೂ ಆ ಪುಟ್ಟ ದ್ವೀಪದಿಂದ ಆಚೆ ಬೀಳುತ್ತೆ. ಬೇಕಾದ್ದು ಗಾತ್ರ ಅಲ್ಲ, ಬೆಳಕು. ಎಡಭುಜದ ಹಿಂದೆ ಒಂದು ಟೇಬಲ್ ಲ್ಯಾಂಪ್ ಇಟ್ಟು, ಪೇಪರನ್ನು ಸ್ವಲ್ಪ ದೂರ ಹಿಡಿಯುವುದನ್ನು ಹೇಳಿಕೊಟ್ಟರು. ಪದದ ಮೊದಲ ಅಕ್ಷರಕ್ಕೆ ನಿಲ್ಲದೆ ಕೊನೆಯ ಅಕ್ಷರದವರೆಗೆ ಕಣ್ಣು ಒಯ್ಯುವ ಅಭ್ಯಾಸ ಮಾಡಿಸಿದರು. ಎಡಗಣ್ಣಿನ ನಡುಚುಕ್ಕೆ ಪೂರ್ತಿ ಹೋಗಿದೆ. ಅದಕ್ಕೆ ಸಾಲಿನ ಮೇಲೆ ನೋಡದೆ ಒಂದಿಷ್ಟು ಮೇಲೆ ನೋಡಿ, ಉಳಿದ ರೆಟಿನಾವನ್ನು ದುಡಿಸುವುದನ್ನು ಈಗ ಕಲಿಯುತ್ತಿದ್ದಾರೆ. ನಾಲ್ಕು ತಿಂಗಳ ನಂತರ ತೆಗೆಸಿದ ಸ್ಕ್ಯಾನಿನಲ್ಲಿ ಬಳೆ ಹಾಗೇ ಇತ್ತು, ಒಂಚೂರು ಅಗಲವೂ ಆಗಿತ್ತು. ನಿಲ್ಲಿಸಿದ್ದ ಪೇಪರನ್ನು ಮಾತ್ರ ಹೋದ ತಿಂಗಳಿಂದ ಮತ್ತೆ ಹಾಕಿಸಿಕೊಳ್ಳುತ್ತಿದ್ದಾರೆ. ಸಂಜೆ ಕರೆಂಟ್ ಹೋದರೆ ಮಾತ್ರ ಬೈಗುಳ ಶುರು.